ಥೈರಾಯ್ಡ್ ಮಾತ್ರೆ ಬಿಡಬೇಡಿ, ಸಕ್ಕರೆ ಗುಳಿಗೆ ಮುಚ್ಚಿಡಬೇಡಿ

ದಸರಾ, ದೀಪಾವಳಿ ರಜೆ ಮುಗಿಸಿ ಊರಿನಿಂದ ಮರಳುವ ನಮ್ಮವರ ಬ್ಯಾಗಿನಲ್ಲಿ ಏನೇನಿರುತ್ತದೆ ಎಂದು ಯಾರಾದರೂ ಕೇಳಿದರೆ ಕಣ್ಣುಮುಚ್ಚಿ ಹೇಳಬಹುದು. ಕಡಕ್ ರೊಟ್ಟಿ, ಶೇಂಗಾ ಹೋಳಿಗೆ, ಗುರೆಳ್ಳು ಚಟ್ನಿಪುಡಿ. ಅವುಗಳ ನಡುವೆ ಎಲ್ಲೋ ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ, ಅದರ ತುಂಬ ಸಬ್ಬಕ್ಕಿಯಂಥ ಬಿಳಿ ಗುಳಿಗೆ. ಅಮ್ಮ ಕೊಟ್ಟದ್ದೋ, ಅತ್ತೆ ತರಿಸಿಟ್ಟದ್ದೋ, ಊರಿನ ಹೋಮಿಯೋಪಥಿ ಡಾಕ್ಟರು ಮೂರು ತಿಂಗಳಿಗೆ ಕಟ್ಟಿಕೊಟ್ಟದ್ದೋ ಆಗಿರುತ್ತದೆ.

ಪುಣೆಯ ಆಸ್ಪತ್ರೆಯೊಂದರ ಔಷಧ ಮಳಿಗೆಯಲ್ಲಿ ಫಾರ್ಮಸಿಸ್ಟ್ ಆಗಿರುವ ನನಗೆ ಹಬ್ಬ ಮುಗಿದ ವಾರ ಎರಡು ಪ್ರಶ್ನೆಗಳು ತಪ್ಪದೆ ಬರುತ್ತವೆ. ನಾನು ಕನ್ನಡದವಳು ಎಂದು ಗೊತ್ತಾದ ಮೇಲಂತೂ ಜನ ಕೌಂಟರಿನ ಪಕ್ಕಕ್ಕೆ ಬಂದು ನಿಧಾನವಾಗಿ ಕೇಳುತ್ತಾರೆ. ಮೊದಲನೆಯದು, “ಅಕ್ಕಾರ, ಊರಾಗ ಹೋಮಿಯೋಪಥಿ ಗುಳಗಿ ಕೊಟ್ಟಾರ್ರೀ. ಇವು ಚಾಲೂ ಮಾಡಿದ್ರ ಥೈರಾಯ್ಡಿನ ಗುಳಗಿ ಬಂದ್ ಮಾಡಬಹುದೇನ್ರಿ?” ಎರಡನೆಯದು, “ಮೇಡಂ, ಎರಡೂ ಒಟ್ಟಿಗೆ ತಗೊಂಡ್ರೆ ಏನಾದ್ರೂ ರಿಯಾಕ್ಷನ್ ಆಗುತ್ತಾ?”

ಹೆಚ್ಚಿನವರು ಹೆದರುವುದು ಎರಡನೆಯದಕ್ಕೆ. ನಿಜಕ್ಕೂ ಹೆದರಬೇಕಾದದ್ದು ಮೊದಲನೆಯದಕ್ಕೆ. ಈ ಬರಹದ ಸಾರವೂ ಇಷ್ಟೆ. ಸಕ್ಕರೆ ಗುಳಿಗೆ ಥೈರಾಯ್ಡ್ ಮಾತ್ರೆಯ ಪಕ್ಕದಲ್ಲಿ ಕೂರಬಹುದು, ಅದರ ಜಾಗದಲ್ಲಿ ಕೂರುವಂತಿಲ್ಲ. ಪಕ್ಕದಲ್ಲಿ ಕೂರುವುದಕ್ಕೂ ಕೆಲವು ಷರತ್ತುಗಳಿವೆ.

ನಮ್ಮ ನಗರಗಳ ಕಾಯಿಲೆ

2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ಎಂಟು ನಗರಗಳ ಐದು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿತ್ತು. ಬೆಂಗಳೂರು, ಮುಂಬೈ, ಚೆನ್ನೈ, ಹೈದರಾಬಾದ್, ದೆಹಲಿ, ಕೋಲ್ಕತ್ತ, ಅಹಮದಾಬಾದ್, ಗೋವಾ. ಅಂದರೆ ಈ ಅಂಕಣ ಓದುವ ಬಹುಪಾಲು ಜನ ಬದುಕುತ್ತಿರುವ ಊರುಗಳೇ. ಅದರ ಪ್ರಕಾರ ನೂರರಲ್ಲಿ ಸುಮಾರು 11 ಮಂದಿಗೆ ಥೈರಾಯ್ಡ್ ಗ್ರಂಥಿ ಮಂದವಾಗಿತ್ತು, ಅಂದರೆ ಹೈಪೋಥೈರಾಯ್ಡಿಸಂ ಇತ್ತು. ಅವರಲ್ಲಿ ಮೂವರಿಗೊಬ್ಬರಂತೆ ತಮಗೆ ಈ ತೊಂದರೆಯಿದೆ ಎಂಬುದೇ ಗೊತ್ತಿರಲಿಲ್ಲ. ಹೆಂಗಸರ ಸಂಖ್ಯೆ ಗಂಡಸರಿಗಿಂತ ಹೆಚ್ಚು.

ಇನ್ನೊಂದು ಕಡೆ, ಹೋಮಿಯೋಪಥಿ ನಮ್ಮ ಕುಟುಂಬಗಳಿಗೆ ಹೊಸತಲ್ಲ. ಮಂಗಳೂರಿನ ಕಂಕನಾಡಿಯಲ್ಲಿ ಜರ್ಮನಿಯ ಪಾದ್ರಿ ಆಗಸ್ಟಸ್ ಮುಲ್ಲರ್ ಬಡವರಿಗಾಗಿ ಹೋಮಿಯೋಪಥಿ ಔಷಧಾಲಯ ತೆರೆದದ್ದು 1880ರಲ್ಲಿ. ಇವತ್ತು ಅದೇ ಫಾದರ್ ಮುಲ್ಲರ್ ಸಂಸ್ಥೆಯ ಹೆಸರಿನಲ್ಲಿ ಹೋಮಿಯೋಪಥಿ ಕಾಲೇಜೂ ಇದೆ, ಅಲೋಪಥಿ ಕಾಲೇಜೂ ಆಸ್ಪತ್ರೆಯೂ ಇವೆ. ಕರಾವಳಿಯಿಂದ ಮುಂಬೈಗೆ ಬಂದ ಎಷ್ಟೋ ಮನೆಗಳಲ್ಲಿ ಮಕ್ಕಳ ಕೆಮ್ಮು, ನೆಗಡಿಗೆ ಮೊದಲು ತೆರೆಯುವುದು ಈ ಗುಳಿಗೆಯ ಪೆಟ್ಟಿಗೆಯನ್ನೇ. ಆ ವಿಶ್ವಾಸವನ್ನು ಗೇಲಿ ಮಾಡುವುದರಿಂದ ಯಾರಿಗೂ ಉಪಯೋಗವಿಲ್ಲ. ಗೇಲಿ ಮಾಡಿದರೆ ಆಗುವುದು ಒಂದೇ: ರೋಗಿ ಡಾಕ್ಟರ ಹತ್ತಿರ ಗುಳಿಗೆಯ ವಿಷಯವನ್ನೇ ಎತ್ತುವುದಿಲ್ಲ. ಅಪಾಯ ಶುರುವಾಗುವುದು ಅಲ್ಲಿಂದ.

ಬಾವಿ ಬತ್ತಿದ ಮನೆಗೆ ಟ್ಯಾಂಕರ್ ನೀರು

ಕುತ್ತಿಗೆಯ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿರುವ ಗ್ರಂಥಿ ಥೈರಾಯ್ಡ್. ಅದು ತಯಾರಿಸುವ ಥೈರಾಕ್ಸಿನ್ ಎಂಬ ಹಾರ್ಮೋನು ದೇಹದ ಪ್ರತಿ ಅಂಗದ ವೇಗವನ್ನು ನಿರ್ಧರಿಸುತ್ತದೆ. ಹೃದಯದ ಬಡಿತ, ಮೈಯ ಬಿಸಿ, ಕರುಳಿನ ಚಲನೆ, ಮುಟ್ಟಿನ ಲೆಕ್ಕ, ಮನಸ್ಸಿನ ಚುರುಕು ಎಲ್ಲಕ್ಕೂ ಇದರ ಅಗತ್ಯವಿದೆ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಇದರ ಮೇಸ್ತ್ರಿ. ಕೆಲಸಗಾರ ನಿಧಾನವಾದಷ್ಟೂ ಮೇಸ್ತ್ರಿಯ ಕೂಗು ಜೋರಾಗುತ್ತದೆ. ರಕ್ತ ಪರೀಕ್ಷೆಯಲ್ಲಿ ನೀವು ನೋಡುವ ಟಿಎಸ್‌ಎಚ್ ಎಂದರೆ ಈ ಕೂಗು. ಸಾಮಾನ್ಯವಾಗಿ ಅದು 0.4ರಿಂದ 4ರ ಆಸುಪಾಸಿನಲ್ಲಿರಬೇಕು. ಲ್ಯಾಬಿನಿಂದ ಲ್ಯಾಬಿಗೆ ಅಂಕಿ ತುಸು ಬದಲಾಗುತ್ತದೆ. 20, 40 ಎಂದು ಏರಿದೆ ಎಂದರೆ ಮೇಸ್ತ್ರಿ ಗಂಟಲು ಹರಿಯುವಂತೆ ಕೂಗುತ್ತಿದ್ದಾನೆ, ಕೆಲಸಗಾರನಿಂದ ಕೆಲಸ ಸಾಗುತ್ತಿಲ್ಲ ಎಂದರ್ಥ.

ಹಿಂದೆ ಹಿಮಾಲಯದ ತಪ್ಪಲಿನಂಥ ಕಡೆ ಅಯೋಡಿನ್ ಕೊರತೆಯಿಂದ ಗಳಗಂಡ ಬರುತ್ತಿತ್ತು. ಅಯೋಡಿನ್ ಸೇರಿಸಿದ ಉಪ್ಪು ಎಲ್ಲರ ಅಡುಗೆಮನೆ ತಲುಪಿದ ಮೇಲೆ ಚಿತ್ರ ಬದಲಾಗಿದೆ. ಇಂದು ನಗರಗಳ ವಯಸ್ಕರಲ್ಲಿ ಕಾಣುವ ಹೈಪೋಥೈರಾಯ್ಡಿಸಂಗೆ ಮುಖ್ಯ ಕಾರಣ ಹಶಿಮೋಟೊ ಕಾಯಿಲೆ. ಜಪಾನಿನ ವೈದ್ಯ ಹಕಾರು ಹಶಿಮೋಟೊ 1912ರಲ್ಲಿ ಇದನ್ನು ವಿವರಿಸಿದರು. ಇದರಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ಥೈರಾಯ್ಡಿನ ಮೇಲೆ ತಿರುಗಿಬಿದ್ದು ವರ್ಷಾನುಗಟ್ಟಲೆ ನಿಧಾನವಾಗಿ ಗ್ರಂಥಿಯನ್ನು ಸವೆಸುತ್ತದೆ.

ಹಾಗಾಗಿ ನಾವು ಬೆಳಗ್ಗೆ ನುಂಗುವ ಲೀವೋಥೈರಾಕ್ಸಿನ್ ಮಾತ್ರೆ ಜ್ವರಕ್ಕೆ, ನೋವಿಗೆ ಕೊಡುವಂಥ ಔಷಧವಲ್ಲ. ಗ್ರಂಥಿ ಮಾಡಬೇಕಾಗಿದ್ದ ವಸ್ತುವನ್ನೇ ಹೊರಗಿನಿಂದ ತುಂಬುವ ವ್ಯವಸ್ಥೆ ಅದು. ಬಾವಿ ಬತ್ತಿದ ಮನೆಗೆ ಟ್ಯಾಂಕರ್ ನೀರು ಬಂದ ಹಾಗೆ. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಎಂಬ ವೈದ್ಯ 46 ವರ್ಷದ ಮಹಿಳೆಯೊಬ್ಬರಿಗೆ ಕುರಿಯ ಥೈರಾಯ್ಡಿನ ಸಾರವನ್ನು ಚುಚ್ಚುಮದ್ದಾಗಿ ಕೊಟ್ಟರು. ಆಕೆ ಚೇತರಿಸಿಕೊಂಡು ಆ ಸಾರದ ಬಲದಲ್ಲೇ ಮತ್ತೆ 28 ವರ್ಷ ಬದುಕಿದರು. 1914ರಲ್ಲಿ ಅಮೆರಿಕದ ಎಡ್ವರ್ಡ್ ಕೆಂಡಾಲ್ ಥೈರಾಕ್ಸಿನ್ನನ್ನು ಬೇರ್ಪಡಿಸಿದರು, 1927ರಲ್ಲಿ ಪ್ರಯೋಗಾಲಯದಲ್ಲಿ ಅದರ ತಯಾರಿಕೆ ಸಾಧ್ಯವಾಯಿತು. ಇಂದಿನ ಮಾತ್ರೆಯಲ್ಲಿರುವುದು ನಮ್ಮ ಗ್ರಂಥಿ ಮಾಡುವ ಅದೇ ಅಣು. “ಜೀವಮಾನವಿಡೀ ಮಾತ್ರೆ ತಿನ್ನಬೇಕಾ?” ಎಂದು ಬೇಸರಪಡುವವರಿಗೆ ನಾನು ಹೇಳುವುದು, ಜೀವಮಾನವಿಡೀ ಎಲ್ಲರ ದೇಹಕ್ಕೂ ಥೈರಾಕ್ಸಿನ್ ಬೇಕು. ನಿಮಗೆ ಅದು ಬಾಟಲಿಯಿಂದ ಬರುತ್ತಿದೆ, ಅಷ್ಟೇ ವ್ಯತ್ಯಾಸ.

ಗುಳಿಗೆಯೊಳಗೆ ಏನಿದೆ?

ಈಗ ಇನ್ನೊಂದು ಡಬ್ಬಿಯನ್ನು ತೆರೆಯೋಣ. ಹೋಮಿಯೋಪಥಿ ಔಷಧದ ಹೆಸರಿನ ಮುಂದೆ 30, 200, 6ಎಕ್ಸ್, ಕ್ಯೂ ಎಂದೆಲ್ಲ ಬರೆದಿರುತ್ತಾರೆ. ಹೆಚ್ಚಿನವರು ಇದನ್ನು ಗಮನಿಸುವುದೇ ಇಲ್ಲ. ಸುರಕ್ಷತೆಯ ಗುಟ್ಟು ಇರುವುದು ಅಲ್ಲೇ.

30 ಅಥವಾ 30ಸಿ ಎಂದರೆ ಮೂಲವಸ್ತುವಿನ ಒಂದು ಭಾಗವನ್ನು ನೂರು ಪಾಲಾಗಿ ತೆಳುಮಾಡಿ, ಅದರಲ್ಲೊಂದು ಭಾಗವನ್ನು ಮತ್ತೆ ನೂರು ಪಾಲು ಮಾಡಿ, ಹೀಗೆ ಮೂವತ್ತು ಸಲ ಮಾಡಿದ್ದು. ಲೆಕ್ಕ ಹಾಕಿದರೆ 1ರ ಮುಂದೆ 60 ಸೊನ್ನೆ ಇಟ್ಟಷ್ಟು ತೆಳು. ರಸಾಯನಶಾಸ್ತ್ರದ ಪ್ರಕಾರ 12ಸಿ ದಾಟಿದ ಮೇಲೆ ಮೂಲವಸ್ತುವಿನ ಒಂದು ಅಣುವಾದರೂ ಉಳಿದಿರುವ ಸಾಧ್ಯತೆ ತೀರಾ ಕಡಿಮೆ. ಹೋಲಿಕೆಗೆ, 100 ಮೈಕ್ರೋಗ್ರಾಂನ ಒಂದು ಥೈರಾಯ್ಡ್ ಮಾತ್ರೆಯಲ್ಲಿರುವ ಔಷಧದ ತೂಕ ಗ್ರಾಮಿನ ಹತ್ತು ಸಾವಿರದಲ್ಲಿ ಒಂದು ಭಾಗ. ಆದರೂ ಅದರಲ್ಲಿ ಎಪ್ಪತ್ತು ಸಾವಿರ ಲಕ್ಷ ಕೋಟಿಗೂ ಹೆಚ್ಚು ಥೈರಾಕ್ಸಿನ್ ಅಣುಗಳಿರುತ್ತವೆ. ಎರಡೂ ಕಣ್ಣಿಗೆ ಚಿಕ್ಕದಾಗಿ ಕಂಡರೂ ಒಂದೇ ಜಾತಿಯವಲ್ಲ.

ಹಾಗಾಗಿ 30, 200ರ ಗುಳಿಗೆಗಳು ಥೈರಾಕ್ಸಿನ್ ಜೊತೆ ರಾಸಾಯನಿಕವಾಗಿ ಜಗಳವಾಡುವುದಿಲ್ಲ. ಜಗಳವಾಡಲು ಅಲ್ಲಿ ಸಕ್ಕರೆಯ ಹೊರತು ಬೇರೇನೂ ಇಲ್ಲ. ಅದೇ ಕಾರಣಕ್ಕೆ ಅವು ಥೈರಾಕ್ಸಿನ್ನಿನ ಕೊರತೆಯನ್ನೂ ತುಂಬಲಾರವು. ಆಸ್ಟ್ರೇಲಿಯಾದ ರಾಷ್ಟ್ರೀಯ ಆರೋಗ್ಯ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿ 2015ರಲ್ಲಿ ಲಭ್ಯ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ, ಹೋಮಿಯೋಪಥಿ ಪರಿಣಾಮಕಾರಿ ಎಂದು ನಂಬಲರ್ಹವಾಗಿ ತೋರಿಸುವ ಸಾಕ್ಷ್ಯ ಯಾವ ಕಾಯಿಲೆಯ ವಿಷಯದಲ್ಲೂ ಸಿಗಲಿಲ್ಲ ಎಂದು ಹೇಳಿತು. ಹೋಮಿಯೋಪಥಿ ವೈದ್ಯರು ಇದನ್ನು ಒಪ್ಪುವುದಿಲ್ಲ. ಆ ವಾದ ಏನೇ ಇರಲಿ, ಸವೆದುಹೋದ ಗ್ರಂಥಿಯ ಹಾರ್ಮೋನನ್ನು ಗುಳಿಗೆ ತುಂಬಿಕೊಡುತ್ತದೆ ಎಂಬುದಕ್ಕೆ ಆಧಾರವಿಲ್ಲ.

ಎಚ್ಚರ ಬೇಕಾದದ್ದು ಕಡಿಮೆ ಪೊಟೆನ್ಸಿಯ ಔಷಧಗಳಲ್ಲಿ. ಹೆಸರಿನ ಮುಂದೆ ಕ್ಯೂ ಎಂದಿದ್ದರೆ ಅದು ಮದರ್ ಟಿಂಚರ್, ಅಂದರೆ ತೆಳುಮಾಡದ ಮೂಲ ಕಷಾಯ, ಸಾಮಾನ್ಯವಾಗಿ ಮದ್ಯಸಾರದಲ್ಲಿ ತೆಗೆದದ್ದು. ಇದರಲ್ಲಿ ನಿಜವಾದ ವಸ್ತು ಇದೆ. ತೂಕ ಇಳಿಸಲು, ಗಳಗಂಡ ಕರಗಿಸಲು ಎಂದು ಕೊಡುವ ಫ್ಯೂಕಸ್ ವೆಸಿಕ್ಯುಲೋಸಸ್ ಎಂಬ ಟಿಂಚರ್ ಒಂದು ಜಾತಿಯ ಸಮುದ್ರಪಾಚಿಯದು. ಸಮುದ್ರಪಾಚಿ ಅಯೋಡಿನ್ನಿನ ಗಣಿ, ಅದರ ಪ್ರಮಾಣವೂ ಒಂದೇ ಸಮನಾಗಿರುವುದಿಲ್ಲ. ವಯಸ್ಕರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ ಮಾತ್ರ. ಅದು ಬಹುತೇಕ ಉಪ್ಪು, ಹಾಲು, ಮೀನುಗಳಿಂದಲೇ ಸಿಗುತ್ತದೆ. ಹಶಿಮೋಟೊ ಇರುವವರಿಗೆ ಅತಿಯಾದ ಅಯೋಡಿನ್ ಗ್ರಂಥಿಯನ್ನು ಇನ್ನಷ್ಟು ಮಂದಗೊಳಿಸಬಹುದು. ಗಂಟುಗಳಿರುವ ಥೈರಾಯ್ಡಿನಲ್ಲಿ ಅದಕ್ಕೆ ತದ್ವಿರುದ್ಧವಾಗಿ ಹಾರ್ಮೋನು ಉಕ್ಕಿ ಹರಿಯಬಹುದು. ಅಯೋಡಮ್, ಸ್ಪಾಂಜಿಯಾಗಳ ಕಡಿಮೆ ಪೊಟೆನ್ಸಿಗೂ ಇದೇ ಎಚ್ಚರ. ಥೈರಾಯ್ಡಿನಮ್ ಎಂಬುದು ಪ್ರಾಣಿಗಳ ಥೈರಾಯ್ಡ್ ಗ್ರಂಥಿಯಿಂದಲೇ ಮಾಡಿದ್ದು. 3ಎಕ್ಸ್ ಎಂದರೆ ಸಾವಿರದಲ್ಲಿ ಒಂದು ಭಾಗ. ಪ್ರಮಾಣ ಅಲ್ಪವೇ, ಆದರೆ ಶೂನ್ಯವಲ್ಲ. ಇಂಥದ್ದು ಪಟ್ಟಿಯಲ್ಲಿದ್ದರೆ ನಿಮ್ಮ ಎಂಡೊಕ್ರಿನಾಲಜಿಸ್ಟ್‌ಗೆ ಗೊತ್ತಿರಲೇಬೇಕು.

ಸಂಪಿನಲ್ಲಿ ನೀರಿರುವವರೆಗೆ

ಮಾತ್ರೆ ಬಿಟ್ಟವರಲ್ಲಿ ಬಹಳ ಜನ ಹೇಳುವ ಮಾತು, “ಬಿಟ್ಟು ಮೂರು ವಾರ ಆಯ್ತು, ಏನೂ ಆಗಿಲ್ಲ.” ಆಗುವುದೂ ಇಲ್ಲ. ಟ್ಯಾಂಕರ್ ನಿಂತ ದಿನವೇ ನಲ್ಲಿ ಒಣಗುವುದಿಲ್ಲ, ಸಂಪಿನಲ್ಲಿ ನೀರಿರುವವರೆಗೆ ಬರುತ್ತಲೇ ಇರುತ್ತದೆ. ರಕ್ತದಲ್ಲಿರುವ ಥೈರಾಕ್ಸಿನ್ ಅರ್ಧಕ್ಕೆ ಇಳಿಯಲು ಸುಮಾರು ಏಳು ದಿನ ಬೇಕು. ಎರಡನೇ ವಾರಕ್ಕೆ ಕಾಲು ಭಾಗ, ಮೂರನೇ ವಾರಕ್ಕೆ ಎಂಟರಲ್ಲೊಂದು ಭಾಗ ಉಳಿಯುತ್ತದೆ. ಗ್ರಂಥಿ ಅಲ್ಪಸ್ವಲ್ಪ ಕೆಲಸ ಮಾಡುತ್ತಿದ್ದರೆ ಇನ್ನೂ ಕೆಲವು ದಿನ ದೂಡಬಹುದು. ಆಮೇಲೆ ಒಂದೊಂದಾಗಿ ಆಯಾಸ, ಚಳಿ, ಮಲಬದ್ಧತೆ, ಮುಖದ ಊತ, ಒಣ ಚರ್ಮ, ಮುಟ್ಟಿನ ಏರುಪೇರು ಶುರುವಾಗುತ್ತವೆ. ಅಷ್ಟರಲ್ಲಿ ಮಾತ್ರೆ ಬಿಟ್ಟದ್ದೇ ಮರೆತಿರುತ್ತದೆ. ಕೆಲಸದ ಒತ್ತಡ, ನಿದ್ದೆಗೇಡು, ಊರಿನ ಹವೆ ಎಂದು ಸಬೂಬು ಸಿಗುತ್ತದೆ.

ಹಿಂಜವಡಿಯ ಐಟಿ ಕಂಪನಿಯೊಂದರಲ್ಲಿ ಕೆಲಸ ಮಾಡುವ ವಿಜಯಪುರ ಕಡೆಯ ಹೆಣ್ಣುಮಗಳೊಬ್ಬಳ ಕತೆ ಹೀಗೆಯೇ ಆಯಿತು. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ದಿನಕ್ಕೆ 75 ಮೈಕ್ರೋಗ್ರಾಂ ಮಾತ್ರೆ, ಟಿಎಸ್‌ಎಚ್ 2.8, ಎಲ್ಲ ಸರಿಯಾಗಿತ್ತು. ಕೂದಲು ಉದುರುತ್ತದೆ ಎಂದು ಊರಿಗೆ ಹೋದಾಗ ಹೋಮಿಯೋಪಥಿ ಗುಳಿಗೆ ತಂದಳು. ಥೈರಾಯ್ಡ್ ಮಾತ್ರೆ ಬಿಡು ಎಂದು ಆ ವೈದ್ಯರು ಹೇಳಿರಲಿಲ್ಲ. ಹೇಳಿದ್ದು ಮನೆಯ ಹಿರಿಯರು, ಇಂಗ್ಲಿಷ್ ಔಷಧಿ ಉಷ್ಣ, ಅದಕ್ಕೇ ಕೂದಲು ಹೋಗುತ್ತಿದೆ ಎಂಬ ಲೆಕ್ಕದಲ್ಲಿ. “ಮೊದಲನೇ ತಿಂಗಳು ಮೈ ಹಗುರ ಆದಂಗ ಅನಸ್ತಕ್ಕಾ, ಗುಳಗಿ ಹತ್ತಿದ್ವು ಅಂದ್ಕೊಂಡೆ” ಎಂದಳು. ಮೂರೂವರೆ ತಿಂಗಳ ನಂತರ ಮಾಡಿಸಿದ ಪರೀಕ್ಷೆಯಲ್ಲಿ ಟಿಎಸ್‌ಎಚ್ 62. ಕೂದಲು ಮೊದಲಿಗಿಂತ ಹೆಚ್ಚು ಉದುರುತ್ತಿತ್ತು, ಏಕೆಂದರೆ ಥೈರಾಕ್ಸಿನ್ ಕೊರತೆಯೂ ಕೂದಲನ್ನು ಉದುರಿಸುತ್ತದೆ. ಮದುವೆಯಾಗಿ ನಾಲ್ಕು ವರ್ಷವಾಗಿದ್ದ ಅವಳು ಆ ತಿಂಗಳುಗಳಲ್ಲೇ ಮಗುವಿಗಾಗಿ ಎದುರು ನೋಡುತ್ತಿದ್ದಳು ಎಂಬುದು ಗೊತ್ತಾದಾಗ ನನಗೆ ಹೆಚ್ಚು ಸಂಕಟವಾಯಿತು. ಮಾತ್ರೆ ಮತ್ತೆ ಶುರುವಾಗಿ ಟಿಎಸ್‌ಎಚ್ ಹದಕ್ಕೆ ಬರಲು ಹಲವು ವಾರ ಹಿಡಿಯಿತು. ಈಗ ಅವಳು ಎರಡನ್ನೂ ತೆಗೆದುಕೊಳ್ಳುತ್ತಾಳೆ, ಇಬ್ಬರೂ ವೈದ್ಯರಿಗೆ ಗೊತ್ತಿದ್ದು.

ಹಾಗಾದರೆ “ಹೋಮಿಯೋಪಥಿಯಿಂದ ನನ್ನ ಥೈರಾಯ್ಡ್ ಪೂರ್ತಿ ವಾಸಿಯಾಯಿತು” ಎನ್ನುವವರು ಸುಳ್ಳು ಹೇಳುತ್ತಾರೆಯೇ? ಇಲ್ಲ. ಟಿಎಸ್‌ಎಚ್ ಸ್ವಲ್ಪ ಮಾತ್ರ ಏರಿ, ಥೈರಾಕ್ಸಿನ್ ಮಟ್ಟ ಸರಿಯಾಗಿಯೇ ಇರುವ ಸ್ಥಿತಿಯೊಂದಿದೆ. ಇದರಲ್ಲಿ ಎಷ್ಟೋ ಜನರಿಗೆ ಯಾವ ಔಷಧವೂ ಇಲ್ಲದೆ ಕೆಲವು ತಿಂಗಳ ನಂತರದ ಪರೀಕ್ಷೆ ಸರಿ ಬರುತ್ತದೆ. ಹೆರಿಗೆಯ ನಂತರ ಕೆಲವು ತಾಯಂದಿರಿಗೆ ಬರುವ ಥೈರಾಯ್ಡ್ ಉರಿಯೂತವೂ ಬಹುಪಾಲು ವರ್ಷದೊಳಗೆ ತಾನಾಗಿಯೇ ಇಳಿಯುತ್ತದೆ. ಆ ಸಮಯದಲ್ಲಿ ಯಾವ ಗುಳಿಗೆ ತೆಗೆದುಕೊಂಡಿದ್ದರೂ ಕೀರ್ತಿ ಅದಕ್ಕೇ ಸಲ್ಲುತ್ತದೆ. ಅವರ ಅನುಭವ ನಿಜ. ಆದರೆ ಗ್ರಂಥಿ ಸವೆದವರಿಗೂ ಶಸ್ತ್ರಚಿಕಿತ್ಸೆಯಲ್ಲಿ ಗ್ರಂಥಿಯನ್ನೇ ತೆಗೆಸಿಕೊಂಡವರಿಗೂ ಅದು ಅನ್ವಯಿಸುವುದಿಲ್ಲ. ಅಂಥವರು ಮಾತ್ರೆ ಬಿಟ್ಟು, ಅದರ ಮೇಲೆ ಸೋಂಕೋ ದೆಹಲಿಯಂಥ ಊರಿನ ಕೊರೆಯುವ ಚಳಿಯೋ ಸೇರಿದರೆ ಮೈ ತಣ್ಣಗಾಗಿ ಪ್ರಜ್ಞೆ ತಪ್ಪುವ ಸ್ಥಿತಿಗೆ ಹೋಗಬಹುದು. ಅಪರೂಪ, ಆದರೆ ಪ್ರಾಣಕ್ಕೆ ಎರವಾಗುವಂಥದ್ದು. ಥೈರಾಯ್ಡ್ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾದ ಕೆಲವರಿಗೆ ಕಾಯಿಲೆ ಮರುಕಳಿಸದಂತೆ ಟಿಎಸ್‌ಎಚ್ ತಗ್ಗಿಸಿಡಲೂ ಇದೇ ಮಾತ್ರೆ ಬೇಕು.

ಯಾರು ಒಂದು ದಿನವೂ ಪ್ರಯೋಗ ಮಾಡಬಾರದು?

ಗರ್ಭಿಣಿಯರು ಮೊದಲಿಗರು. ಮೊದಲ ಮೂರು ತಿಂಗಳು ಹೊಟ್ಟೆಯಲ್ಲಿರುವ ಮಗುವಿನ ಮೆದುಳು ತಾಯಿಯ ಥೈರಾಕ್ಸಿನ್ ನೆಚ್ಚಿಕೊಂಡೇ ಬೆಳೆಯುತ್ತದೆ. ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಬಸಿರಿನಲ್ಲಿ ಸಾಮಾನ್ಯವಾಗಿ ಡೋಸ್ ಹೆಚ್ಚಿಸಬೇಕಾಗುತ್ತದೆ. ಮುಟ್ಟು ನಿಂತು ಪರೀಕ್ಷೆಯಲ್ಲಿ ಬಸಿರು ಗೊತ್ತಾದ ಕೂಡಲೇ, ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯದೆ ವೈದ್ಯರಿಗೆ ಫೋನ್ ಮಾಡಿ. “ಬಸುರಿ, ಇಂಗ್ಲಿಷ್ ಔಷಧಿ ಬೇಡ” ಎಂಬ ಸಲಹೆ ಈ ಮಾತ್ರೆಗೆ ಸಲ್ಲದು.

ಎರಡನೆಯವರು ಹುಟ್ಟಿನಿಂದಲೇ ಥೈರಾಯ್ಡ್ ಕೊರತೆಯಿರುವ ಶಿಶುಗಳು. ಅವರಿಗೆ ಚಿಕಿತ್ಸೆ ಕೆಲವು ವಾರ ತಡವಾದರೂ ಬುದ್ಧಿಯ ಬೆಳವಣಿಗೆಗೆ ಸರಿಪಡಿಸಲಾಗದ ಹಾನಿಯಾಗುತ್ತದೆ.

ಮೂರನೆಯವರು ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವ ಕಾಯಿಲೆಗೆ ಕಾರ್ಬಿಮಜೋಲ್‌ನಂಥ ಮಾತ್ರೆ ತೆಗೆದುಕೊಳ್ಳುವವರು. ಅದನ್ನು ತಟ್ಟನೆ ನಿಲ್ಲಿಸಿದರೆ ಹೃದಯದ ಬಡಿತ ಹುಚ್ಚುಕುದುರೆಯಂತೆ ಓಡಬಹುದು. ಇವರಿಗೆ ಇನ್ನೊಂದು ಮಾತು. ಈ ಮಾತ್ರೆ ಅಪರೂಪಕ್ಕೆ ರಕ್ತದ ಬಿಳಿಕಣಗಳನ್ನು ಕುಗ್ಗಿಸುತ್ತದೆ. ಅದರ ಮೊದಲ ಸುಳಿವು ಗಂಟಲು ನೋವು, ಜ್ವರ. ಆಗ ಮನೆಯ ಗುಳಿಗೆ ಚೀಪುತ್ತಾ ಕೂರದೆ ಅದೇ ದಿನ ವೈದ್ಯರನ್ನು ಕಂಡು ರಕ್ತ ಪರೀಕ್ಷೆ ಮಾಡಿಸಬೇಕು.

ಕುತ್ತಿಗೆಯಲ್ಲಿ ಹೊಸ ಗಂಟು ಕಂಡವರು, ದನಿ ಬದಲಾದವರು, ನುಂಗಲು ಕಷ್ಟವಾಗುವವರು ಕೂಡ “ಕರಗಿಸುವ” ಔಷಧಕ್ಕೆ ಮೊದಲು ಸ್ಕ್ಯಾನಿಂಗ್ ಮಾಡಿಸಿ.

ಎರಡನ್ನೂ ತೆಗೆದುಕೊಳ್ಳುವುದಾದರೆ

ಬೆಳಗ್ಗೆ ಎದ್ದು ಬರೀ ಹೊಟ್ಟೆಯಲ್ಲಿ, ಬರೀ ನೀರಿನೊಂದಿಗೆ ಮೊದಲು ಥೈರಾಯ್ಡ್ ಮಾತ್ರೆ. ನಂತರ ಅರ್ಧದಿಂದ ಒಂದು ಗಂಟೆ ಏನೂ ಬೇಡ. ನಮ್ಮವರು ಎಡವುವುದು ಇಲ್ಲೇ. ಮಾತ್ರೆ ನುಂಗಿದ ಬೆನ್ನಿಗೇ ಫಿಲ್ಟರ್ ಕಾಫಿ ಬೇಕು. ಕಾಫಿ ಮಾತ್ರೆಯ ಹೀರಿಕೆಯನ್ನು ಕಡಿಮೆ ಮಾಡುತ್ತದೆ. ಹೋಮಿಯೋಪಥಿ ವೈದ್ಯರೂ ಗುಳಿಗೆಯ ಆಸುಪಾಸು ಕಾಫಿ ಬೇಡ ಎನ್ನುತ್ತಾರೆ. ಎರಡು ಪದ್ಧತಿಗಳು ಒಪ್ಪುವ ಸಂಗತಿ ಇದೊಂದೇ ಇರಬೇಕು, ಕಾಫಿಪ್ರಿಯರಾದ ನಮಗೆ ಬೇರೆ ದಾರಿಯಿಲ್ಲ! ಒಂದು ಗಂಟೆ ಬಿಟ್ಟು ಸಕ್ಕರೆ ಗುಳಿಗೆಯನ್ನೋ ಹನಿಯನ್ನೋ ತೆಗೆದುಕೊಂಡರೆ ಎರಡರ ಲೆಕ್ಕವೂ ಸುಲಭ. ಬೆಳಗ್ಗೆ ಆಗದವರು ವೈದ್ಯರನ್ನು ಕೇಳಿ ರಾತ್ರಿ ಊಟವಾಗಿ ಮೂರು ಗಂಟೆಯ ನಂತರ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳಬಹುದು. ಯಾವುದಾದರೂ ಸರಿ, ಸಮಯ ದಿನವೂ ಒಂದೇ ಆಗಿರಲಿ.

ಕ್ಯಾಲ್ಕೇರಿಯಾ ಫಾಸ್ 6ಎಕ್ಸ್‌ನಲ್ಲಿ ಕ್ಯಾಲ್ಸಿಯಂ ಇದೆಯಲ್ಲ, ಥೈರಾಯ್ಡ್ ಮಾತ್ರೆಗೆ ಅಡ್ಡಿಯಾಗುತ್ತದೆಯೇ ಎಂದು ಕೇಳುವವರಿದ್ದಾರೆ. 6ಎಕ್ಸ್ ಎಂದರೆ ಹತ್ತು ಲಕ್ಷದಲ್ಲಿ ಒಂದು ಭಾಗ. ಅದರಿಂದ ತೊಂದರೆಯಿಲ್ಲ. ನಿಜವಾಗಿ ಅಡ್ಡಗಾಲು ಹಾಕುವುದು ಮೂಳೆಗೆಂದು ತೆಗೆದುಕೊಳ್ಳುವ 500 ಮಿಲಿಗ್ರಾಂ ಕ್ಯಾಲ್ಸಿಯಂ ಮಾತ್ರೆ, ರಕ್ತಹೀನತೆಯ ಕಬ್ಬಿಣದ ಮಾತ್ರೆ, ಎದೆಯುರಿಯ ಆಂಟಾಸಿಡ್. ಇವಕ್ಕೂ ಥೈರಾಯ್ಡ್ ಮಾತ್ರೆಗೂ ನಡುವೆ ನಾಲ್ಕು ಗಂಟೆ ಅಂತರ ಬೇಕು.

ಕೂದಲಿಗೆಂದು ಬಯೋಟಿನ್ ತಿನ್ನುವವರು ಇನ್ನೊಂದು ತಿಳಿದಿರಬೇಕು. ಅದು ಥೈರಾಯ್ಡಿಗೆ ಏನೂ ಮಾಡುವುದಿಲ್ಲ, ಆದರೆ ಕೆಲವು ಲ್ಯಾಬುಗಳ ಪರೀಕ್ಷಾ ವಿಧಾನವನ್ನೇ ದಾರಿ ತಪ್ಪಿಸಿ ಟಿಎಸ್‌ಎಚ್ ಇಳಿದಂತೆ ತೋರಿಸಬಲ್ಲದು. ಹೊಸ ಔಷಧದಿಂದ ಗುಣವಾಯಿತು ಎಂಬ ಭ್ರಮೆಗೆ ಇಷ್ಟು ಸಾಕು. ರಕ್ತ ಕೊಡುವ ಮುಂಚೆ ಕನಿಷ್ಠ ಎರಡು ದಿನ ಬಯೋಟಿನ್ ನಿಲ್ಲಿಸಿ. ಪರೀಕ್ಷೆಯ ದಿನ ರಕ್ತ ಕೊಟ್ಟ ಮೇಲೆಯೇ ಥೈರಾಯ್ಡ್ ಮಾತ್ರೆ ನುಂಗಿ. ಸಾಧ್ಯವಾದಷ್ಟೂ ಒಂದೇ ಲ್ಯಾಬು, ಒಂದೇ ಕಂಪನಿಯ ಮಾತ್ರೆ ಇರಲಿ. ಡೋಸ್ ಬದಲಾದರೆ ಆರರಿಂದ ಎಂಟು ವಾರದ ನಂತರ ಟಿಎಸ್‌ಎಚ್ ಪರೀಕ್ಷೆ. ಹೊಸ ಟಿಂಚರ್ ಶುರು ಮಾಡುವುದಾದರೂ ಮೊದಲು ವೈದ್ಯರನ್ನು ಕೇಳಿ, ಆರೆಂಟು ವಾರ ಕಳೆದ ಮೇಲೆ ಪರೀಕ್ಷೆ ಮಾಡಿಸಿ. ಡೋಸ್ ಕಡಿಮೆ ಮಾಡಬಹುದೇ ಎಂಬುದನ್ನು ನಿರ್ಧರಿಸಬೇಕಾದವರು ಆ ವರದಿ ನೋಡಿದ ವೈದ್ಯರು. ಮೈ ಹಗುರವಾಯಿತು ಎಂಬ ಅನಿಸಿಕೆಯೂ ಅಲ್ಲ, ವಾಟ್ಸ್ಆ್ಯಪ್ ಸಂದೇಶವೂ ಅಲ್ಲ.

ಗುಳಿಗೆಯಲ್ಲಿರುವುದು ಸಕ್ಕರೆ ಎಂಬುದನ್ನು ಮಧುಮೇಹಿಗಳೂ, ಹನಿಗಳಲ್ಲಿ ಮದ್ಯಸಾರವಿದೆ ಎಂಬುದನ್ನು ಗರ್ಭಿಣಿಯರೂ ಯಕೃತ್ತಿನ ತೊಂದರೆಯವರೂ ನೆನಪಿಡಬೇಕು. ಹೆಸರೂ ಇಲ್ಲದ, ಲೇಬಲ್ಲೂ ಇಲ್ಲದ ಪುಡಿಯ ಪೊಟ್ಟಣವನ್ನು ಯಾವ ಪದ್ಧತಿಯವರು ಕೊಟ್ಟರೂ ತೆಗೆದುಕೊಳ್ಳಬೇಡಿ. ತೂಕ ಇಳಿಸುವ ಪುಡಿ ಎಂಬ ಹೆಸರಿನಲ್ಲಿ ಥೈರಾಯ್ಡ್ ಹಾರ್ಮೋನನ್ನೇ ಬೆರೆಸಿದ ಪ್ರಕರಣಗಳು ಜಗತ್ತಿನ ಹಲವೆಡೆ ವರದಿಯಾಗಿವೆ. ಹಾರ್ಮೋನು ಅತಿಯಾದರೆ ಎದೆಬಡಿತ ತಾಳ ತಪ್ಪುತ್ತದೆ, ಮೂಳೆ ಸವೆಯುತ್ತದೆ.

ಎರಡು ಊರು, ಇಬ್ಬರು ವೈದ್ಯರು

ಹೊರನಾಡಿನಲ್ಲಿರುವ ನಮಗೆ ಒಂದು ವಿಶೇಷ ತೊಡಕಿದೆ. ಎಂಡೊಕ್ರಿನಾಲಜಿಸ್ಟ್ ಇಲ್ಲಿ, ಹೋಮಿಯೋಪಥಿ ವೈದ್ಯರು ಅಲ್ಲಿ. ಒಬ್ಬರ ಹತ್ತಿರ ಹಿಂದಿ, ಮರಾಠಿ ಅಥವಾ ಇಂಗ್ಲಿಷು, ಇನ್ನೊಬ್ಬರ ಹತ್ತಿರ ಮನಸ್ಸು ಬಿಚ್ಚಿ ಕನ್ನಡ. ಇಲ್ಲಿ ಐದು ನಿಮಿಷದಲ್ಲಿ ಚೀಟಿ ಬರೆದು ಕಳಿಸುತ್ತಾರೆ, ಅಲ್ಲಿ ಅರ್ಧ ಗಂಟೆ ಕೂರಿಸಿಕೊಂಡು ನಿದ್ದೆ, ಕನಸು, ಬೇಸರ ಎಲ್ಲ ಕೇಳುತ್ತಾರೆ. ಊರಿನ ಗುಳಿಗೆಯ ಮೇಲಿನ ಪ್ರೀತಿಯಲ್ಲಿ ದೊಡ್ಡ ಪಾಲು ಈ ಅರ್ಧ ಗಂಟೆಯದು ಎಂದು ನನಗೆ ಅನಿಸಿದೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಇಬ್ಬರು ವೈದ್ಯರ ನಡುವೆ ಸುದ್ದಿ ಒಯ್ಯುವವರು ನೀವೊಬ್ಬರೇ. ನೀವು ಸುಮ್ಮನಿದ್ದರೆ ಇಬ್ಬರೂ ಅರ್ಧ ಕತ್ತಲೆಯಲ್ಲೇ ಚಿಕಿತ್ಸೆ ಮಾಡುತ್ತಾರೆ.

ಮೊಬೈಲಿನಲ್ಲಿ ಒಂದು ಫೋಲ್ಡರ್ ಮಾಡಿ. ಟಿಎಸ್‌ಎಚ್ ವರದಿಗಳು ದಿನಾಂಕದ ಪ್ರಕಾರ, ಥೈರಾಯ್ಡ್ ಮಾತ್ರೆಯ ಬಾಟಲಿಯ ಫೋಟೊ, ಹೋಮಿಯೋಪಥಿ ಡಬ್ಬಿಯ ಫೋಟೊ ಅದರಲ್ಲಿರಲಿ. ಡಬ್ಬಿಯ ಮೇಲೆ ಬರೀ ‘ಎ’, ‘ಬಿ’ ಎಂದಿದ್ದರೆ ಔಷಧದ ಹೆಸರು, ಪೊಟೆನ್ಸಿ ಬರೆದುಕೊಡಿ ಎಂದು ವಿನಯದಿಂದಲೇ ಕೇಳಿ, ಅದು ನಿಮ್ಮ ಹಕ್ಕು. ಇಲ್ಲಿನ ವೈದ್ಯರಿಗೆ ಒಂದೇ ವಾಕ್ಯ ಸಾಕು: “ನಾನು ಥೈರಾಯ್ಡ್ ಮಾತ್ರೆ ಬಿಟ್ಟಿಲ್ಲ, ಜೊತೆಗೆ ಹೋಮಿಯೋಪಥಿ ತೆಗೆದುಕೊಳ್ಳುತ್ತಿದ್ದೇನೆ, ಹೆಸರು ಇಲ್ಲಿದೆ.” ಊರಿನ ವೈದ್ಯರಿಗೂ ಅಷ್ಟೇ: “ಈ ಮಾತ್ರೆ ಮುಂದುವರಿಯುತ್ತದೆ, ಟಿಎಸ್‌ಎಚ್ ನೋಡದೆ ಕಡಿಮೆ ಮಾಡುವುದಿಲ್ಲ.”

ಜವಾಬ್ದಾರಿಯುತ ಹೋಮಿಯೋಪಥಿ ವೈದ್ಯರು ಈ ಮಾತಿಗೆ ತಲೆಯಾಡಿಸುತ್ತಾರೆ, ಅಂಥವರನ್ನು ನಾನು ಬಲ್ಲೆ. “ಮೂರೇ ತಿಂಗಳಲ್ಲಿ ಥೈರಾಯ್ಡ್ ಬೇರು ಸಮೇತ ಮಾಯ, ಮಾತ್ರೆ ಕಸಕ್ಕೆ ಹಾಕಿ” ಎನ್ನುವವರನ್ನು ಬಿಟ್ಟು ದೂರ ಬನ್ನಿ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯ ಪಟ್ಟಿಯಲ್ಲಿ ಗಳಗಂಡ, ಬೊಜ್ಜು, ಹೆಂಗಸರ ಬಂಜೆತನ ಮೂರೂ ಇವೆ. ಇವನ್ನು ವಾಸಿ ಮಾಡುತ್ತೇವೆಂದು ಔಷಧದ ಜಾಹೀರಾತು ಕೊಡುವುದು ಅಪರಾಧ. ಯಾವ ಪದ್ಧತಿಯ ಔಷಧವಾದರೂ ಸರಿ.

ಈ ವಾರ ಮಾಡಬಹುದಾದ ಒಂದು ಕೆಲಸವಿದೆ. ನಿಮ್ಮ ಕೊನೆಯ ಟಿಎಸ್‌ಎಚ್ ವರದಿಯ ದಿನಾಂಕ ನೋಡಿ. ವರ್ಷ ದಾಟಿದ್ದರೆ ಪರೀಕ್ಷೆ ಮಾಡಿಸಿ. ಊರಿನಲ್ಲಿರುವ ಅಮ್ಮನಿಗೋ ಅಕ್ಕನಿಗೋ ಫೋನ್ ಮಾಡಿದಾಗ ಊಟ ಆಯ್ತಾ ಎಂದು ಕೇಳಿದ ಮೇಲೆ ಇನ್ನೊಂದು ಪ್ರಶ್ನೆಯನ್ನೂ ಸೇರಿಸಿ: “ಥೈರಾಯ್ಡ್ ಮಾತ್ರೆ ದಿನಾ ತಗೋತಿದೀಯಾ?” ಆ ಕಡೆಯಿಂದ ಉತ್ತರ ತುಸು ತಡವಾಗಿ ಬಂದರೆ ಬೈಯಬೇಡಿ, ಯಾವಾಗಿನಿಂದ ಬಿಟ್ಟಿದ್ದಾರೆ ಎಂದು ಕೇಳಿ ತಿಳಿದುಕೊಂಡು ವೈದ್ಯರ ಹತ್ತಿರ ಕಳಿಸಿ.